ರಕ್ತದ ಒತ್ತಡವನ್ನು ಕಾಯುವವರು ಯಾರು?

"ಸುಮ್ನೆ ಯಾಕೆ ಬೀಪಿ ಏರಿಸ್ಕೋತೀಯ ಮಾರಾಯ?" ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿರ್ತೀವಿ, ಇಲ್ಲಾ ಹೇಳಿರ್ತೀವಿ. ಹೀಗೆ ಹೇಳಿ ಹೇಳಿ ಬೀಪಿ ಅನ್ನೋದು ಸಿಟ್ಟಿನ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ಸಿಟ್ಟು ಬಂದಾಗ ಏರುತ್ತೆ, ಇಳಿದಾಗ ಇಳಿಯುತ್ತೆ, ಸಮಾಧಾನದ ಮನುಷ್ಯನಿಗೆ ಅದರ ಕಾಟವೇ ಇಲ್ಲ ಅಂತ ನಂಬಿಕೆ. ಅದಕ್ಕೇ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ "170 ಇದೆ" ಅಂದಾಗ ಬಹಳ ಜನ ಕೇಳುವ ಮೊದಲ ಪ್ರಶ್ನೆ: "ನನಗೇನೂ ಆಗ್ತಾನೇ ಇಲ್ವಲ್ಲ, ಮಾತ್ರೆ ಯಾಕೆ?"

ಇದು ಪೆದ್ದು ಪ್ರಶ್ನೆ ಅಂತ ನನಗಂತೂ ಅನ್ನಿಸೋದಿಲ್ಲ. ಇಪ್ಪತ್ತನೇ ಶತಮಾನದ ಅರ್ಧದವರೆಗೆ ದೊಡ್ಡ ದೊಡ್ಡ ವೈದ್ಯರೇ ಇದನ್ನು ಕೇಳುತ್ತಿದ್ದರು. ಒತ್ತಡವನ್ನು ಅಳೆಯೋದು ಹೇಗೆ ಅಂತ ಗೊತ್ತಾಗಿದ್ದು ಒಂದು ಕತೆ. ದೇಹ ಆ ಒತ್ತಡವನ್ನು ಹೇಗೆ ಕಾಯುತ್ತೆ ಅಂತ ಗೊತ್ತಾಗಿದ್ದು ಇನ್ನೊಂದು ಕತೆ. ಎರಡನ್ನೂ ಸೇರಿಸಿ ಓದಿದಾಗಲೇ ನನಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ಹಾಕಿದ ವೈದ್ಯ

ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಯುರೋಪು ಸುಮಾರು ಹದಿನಾಲ್ಕು ನೂರು ವರ್ಷ ನಂಬಿತ್ತು. ಅವನ ಪ್ರಕಾರ ನಾವು ತಿಂದ ಅನ್ನ ಲಿವರಿನಲ್ಲಿ ರಕ್ತವಾಗುತ್ತೆ, ಆ ರಕ್ತ ಅಂಗಾಂಗಗಳಿಗೆ ಹೋಗಿ ಅಲ್ಲೇ ಖರ್ಚಾಗಿಬಿಡುತ್ತೆ. ಗದ್ದೆಗೆ ಬಿಟ್ಟ ನೀರು ಇಂಗಿ ಹೋದ ಹಾಗೆ. ವಾಪಸ್ಸು ಬರುವ ಮಾತೇ ಇಲ್ಲ.

ಇದನ್ನು ಮುರಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ ಅಚ್ಚಾದ ಒಂದು ಸಣ್ಣ ಲ್ಯಾಟಿನ್ ಪುಸ್ತಕದಲ್ಲಿ. ಅವನ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ, ಮೀಟರ್ ಇರಲಿಲ್ಲ. ಇದ್ದದ್ದು ಕೂಡಿಸಿ ಗುಣಿಸುವ ಬುದ್ಧಿ. ಹೃದಯ ಒಂದು ಬಡಿತಕ್ಕೆ ಬರೀ ಅರ್ಧ ಔನ್ಸ್ ರಕ್ತ ಹೊರಹಾಕುತ್ತೆ ಅಂತ ಇಟ್ಟುಕೊಳ್ಳಿ, ಅರ್ಧ ಗಂಟೆಗೆ ಸಾವಿರ ಬಡಿತ ಅಂತ ಇಟ್ಟುಕೊಳ್ಳಿ. ಎರಡನ್ನೂ ಅವನು ಬೇಕಂತಲೇ ಕಡಿಮೆ ಹಿಡಿದಿದ್ದ. ಆದರೂ ಅರ್ಧ ಗಂಟೆಗೆ 500 ಔನ್ಸ್, ಅಂದರೆ ಸುಮಾರು 15 ಕಿಲೋ ರಕ್ತ ಆಯಿತು! ಅಷ್ಟು ರಕ್ತ ಇಡೀ ದೇಹದಲ್ಲೇ ಇಲ್ಲ. ಅಷ್ಟು ರಕ್ತ ಮಾಡುವಷ್ಟು ಊಟ ಯಾವ ಮನುಷ್ಯನೂ ಮಾಡಲಾರ. ಹಾಗಾದರೆ ಉಳಿದದ್ದು ಒಂದೇ ದಾರಿ: ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಬೇಕು.

ಇವತ್ತಿನ ಲೆಕ್ಕ ಇನ್ನೂ ದೊಡ್ಡದು. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಬಡಿತ, ಒಟ್ಟು ನಿಮಿಷಕ್ಕೆ 5 ಲೀಟರ್ ಹತ್ತಿರ. ನಮ್ಮ ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ. ಅಂದರೆ ನೀವು ಸುಮ್ಮನೆ ಕೂತು ಇದನ್ನು ಓದುತ್ತಿರುವಾಗಲೂ ಪ್ರತಿ ನಿಮಿಷಕ್ಕೆ ನಿಮ್ಮ ರಕ್ತವೆಲ್ಲ ಒಂದು ಸುತ್ತು ಹೊಡೆದು ಬರುತ್ತಿದೆ.

ಕುದುರೆ, ಗಾಜಿನ ಕೊಳವೆ ಮತ್ತು ಪಾದ್ರಿ

ರಕ್ತ ಸುತ್ತುತ್ತೆ ಅನ್ನೋದು ಸರಿ, ಆದರೆ ಎಷ್ಟು ಜೋರಾಗಿ? ಇದನ್ನು ಮೊದಲು ಅಳೆದವನು ವೈದ್ಯನೇ ಅಲ್ಲ, ಲಂಡನ್ ಹತ್ತಿರದ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್. ಒಂದು ಹೆಣ್ಣು ಕುದುರೆಯನ್ನು ಅಂಗಾತ ಕಟ್ಟಿಹಾಕಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ 9 ಅಡಿ ಎತ್ತರದ ಗಾಜಿನ ಕೊಳವೆ ಜೋಡಿಸಿದ. ರಕ್ತ ಕೊಳವೆಯೊಳಗೆ ಏರಿ, ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಎತ್ತರಕ್ಕೆ ಬಂದು ನಿಂತಿತು. ನಿಂತಿತು ಅನ್ನುವುದೂ ತಪ್ಪೇ, ಯಾಕಂದ್ರೆ ಪ್ರತಿ ಬಡಿತಕ್ಕೂ ಕೆಲವು ಅಂಗುಲ ಮೇಲೆ ಕೆಳಗೆ ಆಡುತ್ತಿತ್ತು. 1733ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿ ಪ್ರಕಟಿಸಿದ.

ಆ ಮೂಕ ಪ್ರಾಣಿಯ ಪಾಡು ಓದುವಾಗ ಹೊಟ್ಟೆ ತೊಳೆಸಿದ ಹಾಗಾಗುತ್ತೆ, ಸುಳ್ಳು ಹೇಳಲ್ಲ. ರಕ್ತವನ್ನು ಅಳತೆ ಮಾಡಿ ಹೊರಬಿಡುತ್ತಾ, ಪ್ರತಿ ಸಲ ಎತ್ತರ ಗುರುತು ಹಾಕಿಕೊಳ್ಳುತ್ತಾ, ಕುದುರೆ ಸಾಯುವವರೆಗೂ ಅವನು ಅಳೆದ. ಆದರೆ ಬಡಿತ ಬಿಟ್ಟು ಬಿಟ್ಟು ಬಂದರೂ ರಕ್ತ ಸಣ್ಣ ನಾಳಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಯಾಕೆ ಹರಿಯುತ್ತೆ ಅನ್ನೋದಕ್ಕೆ ಒಳ್ಳೆಯ ಹೋಲಿಕೆ ಕೊಟ್ಟವನೂ ಅವನೇ. ಆ ಕಾಲದ ಬೆಂಕಿ ಆರಿಸುವ ಪಂಪಿನಲ್ಲಿ ಒಂದು ಗಾಳಿಯ ಡಬ್ಬಿ ಇರುತ್ತಿತ್ತು. ಪಂಪು ಒತ್ತಿದಾಗ ಗಾಳಿ ಕುಗ್ಗಿ, ಬಿಟ್ಟಾಗ ಹಿಗ್ಗಿ ನೀರನ್ನು ತಳ್ಳುತ್ತಲೇ ಇರುತ್ತಿತ್ತು. ದೊಡ್ಡ ಅಪಧಮನಿಗಳ ಗೋಡೆಯೂ ಹಾಗೇ, ಹೃದಯ ತಳ್ಳಿದಾಗ ಹಿಗ್ಗುತ್ತೆ, ಹೃದಯ ವಿಶ್ರಾಂತಿ ತೆಗೆದುಕೊಂಡಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುತ್ತೆ. ಡಾಕ್ಟರು ಹೇಳುವ ಮೇಲಿನ ಸಂಖ್ಯೆ ಹೃದಯ ತಳ್ಳುವಾಗಿನದು, ಕೆಳಗಿನ ಸಂಖ್ಯೆ ಅದು ಸುಧಾರಿಸಿಕೊಳ್ಳುವಾಗಿನದು. ವಯಸ್ಸಾದಂತೆ ಗೋಡೆ ಬಿರುಸಾಗಿ ಮೇಲಿನ ಸಂಖ್ಯೆ ಏರುವುದಕ್ಕೂ ಇದೇ ಕಾರಣ.

ಒಂಬತ್ತು ಅಡಿ ಕೊಳವೆ ಇಟ್ಟುಕೊಂಡು ಯಾರು ಓಡಾಡುತ್ತಾರೆ? 1828ರಲ್ಲಿ ಪ್ಯಾರಿಸ್ಸಿನ ಪೊಯಿಸೆಯ್ ರಕ್ತದ ಬದಲು ಪಾದರಸ ತುಂಬಿದ ಇಂಗ್ಲಿಷ್ 'ಯು' ಆಕಾರದ ಕೊಳವೆ ಬಳಸಿದ. ಪಾದರಸ ಭಾರ, ಹಾಗಾಗಿ ಅಡಿಗಳು ಮಿಲಿಮೀಟರಿಗೆ ಇಳಿದವು. ನಾವು ಇವತ್ತಿಗೂ 120 ಅಂದರೆ 120 ಮಿಲಿಮೀಟರ್ ಪಾದರಸ ಅಂತಲೇ ಅರ್ಥ. ಪಾದರಸದ ಯಂತ್ರಗಳು ಆಸ್ಪತ್ರೆಗಳಿಂದ ಮಾಯವಾಗುತ್ತಿದ್ದರೂ ಲೆಕ್ಕ ಮಾತ್ರ ಪೊಯಿಸೆಯ್‌ದೇ.

ಪೊಯಿಸೆಯ್ ಇನ್ನೊಂದು ಮುಖ್ಯ ನಿಯಮ ಕಂಡುಹಿಡಿದ. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ಕೊಳವೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತೆ. ಸುಲಭವಾಗಿ ಹೇಳೋದಾದ್ರೆ, ಒತ್ತಡ ಅಷ್ಟೇ ಇದ್ದು ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗೋದಿಲ್ಲ, ಹದಿನಾರರಲ್ಲಿ ಒಂದು ಭಾಗಕ್ಕೆ ಬೀಳುತ್ತೆ. ರಕ್ತನಾಳದ ಮೂಲಕ ನಡೆಯುವ ಆಡಳಿತದ ಗುಟ್ಟೆಲ್ಲ ಇಲ್ಲೇ ಇದೆ ನೋಡಿ. ಸಣ್ಣ ಅಪಧಮನಿಗಳನ್ನು ಕೂದಲೆಳೆಯಷ್ಟು ಬಿಗಿ ಮಾಡಿದರೆ ಸಾಕು, ಆ ಅಂಗಕ್ಕೆ ಹೋಗುವ ರಕ್ತ ಧಾರಾಳವಾಗಿ ಕಡಿಮೆಯಾಗುತ್ತೆ. ಸ್ವಲ್ಪ ಸಡಿಲ ಬಿಟ್ಟರೆ ಹೆಚ್ಚಾಗುತ್ತೆ. ಹಾಗಾದರೆ ಈ ನಲ್ಲಿ ತಿರುಗಿಸುವವರು ಯಾರು?

ಕಾವಲುಗಾರ ಸಿಕ್ಕಿದ

1851ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಕತ್ತಿನ ಒಂದು ಪಕ್ಕದ ನರ ಕತ್ತರಿಸಿದ. ಆ ಪಕ್ಕದ ಕಿವಿ ಕೆಂಪಗಾಗಿ ಬಿಸಿಯಾಯಿತು. ಅದೇ ನರಕ್ಕೆ ವಿದ್ಯುತ್ ಕೊಟ್ಟಾಗ ಕಿವಿ ಬಿಳಿಚಿ ತಣ್ಣಗಾಗುತ್ತೆ ಅಂತ ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಅಂದರೆ ರಕ್ತನಾಳಗಳು ಬರೀ ಪೈಪುಗಳಲ್ಲ, ಅವುಗಳಿಗೆ ನರದ ಹಗ್ಗ ಕಟ್ಟಿದೆ. ಇದಕ್ಕೂ ಮೊದಲೇ, 1845ರಲ್ಲಿ, ಜರ್ಮನಿಯ ವೇಬರ್ ಸಹೋದರರು ವೇಗಸ್ ಎಂಬ ನರವನ್ನು ಕೆಣಕಿದರೆ ಹೃದಯ ನಿಧಾನವಾಗಿ ನಿಂತೇ ಹೋಗುತ್ತೆ ಅಂತ ತೋರಿಸಿದ್ದರು. ಹೃದಯಕ್ಕೂ ಲಗಾಮಿದೆ, ನಾಳಕ್ಕೂ ಲಗಾಮಿದೆ. ಹಿಡಿದವರಿಗೆ ಯಾವಾಗ ಎಳೆಯಬೇಕು ಅಂತ ಹೇಗೆ ಗೊತ್ತಾಗುತ್ತೆ?

1866ರಲ್ಲಿ ಲೈಪ್‌ಜಿಗ್‌ನಲ್ಲಿ ಸಿಯಾನ್ ಮತ್ತು ಲುಡ್ವಿಗ್, ಮೊಲದ ಎದೆಯಿಂದ ಮೆದುಳಿಗೆ ಸುದ್ದಿ ಒಯ್ಯುವ ಒಂದು ನರ ಹಿಡಿದರು. ಅದನ್ನು ಕೆಣಕಿದರೆ ಇಡೀ ದೇಹದ ಒತ್ತಡ ಇಳಿಯುತ್ತಿತ್ತು. ಆಮೇಲೆ 1920ರ ದಶಕದಲ್ಲಿ ಹೆರಿಂಗ್ ಎಂಬ ಜರ್ಮನ್ ವಿಜ್ಞಾನಿ ಕತ್ತಿನ ದೊಡ್ಡ ಅಪಧಮನಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಇನ್ನೊಂದು ಕಾವಲು ಠಾಣೆ ಇರುವುದನ್ನು ತೋರಿಸಿದ. ಅಲ್ಲಿನ ಗೋಡೆ ಹಿಗ್ಗಿದರೆ ನರತುದಿಗಳು ಮೆದುಳಿಗೆ ವರದಿ ಕಳಿಸುತ್ತವೆ, ಮೆದುಳು ಹೃದಯವನ್ನು ನಿಧಾನಿಸಿ ನಾಳಗಳನ್ನು ಸಡಿಲಿಸುತ್ತೆ. ಗೋಡೆ ಸಡಿಲವಾದರೆ ವರದಿ ಕಡಿಮೆಯಾಗಿ ಎಲ್ಲ ಉಲ್ಟಾ ಆಗುತ್ತೆ. ಇದೇ ಕವಲುಗಳಲ್ಲಿ ಇನ್ನಷ್ಟು ಕೆಲಸ ಮಾಡಿ, ಅವು ಉಸಿರಾಟವನ್ನು ಹೇಗೆ ನಿಯಂತ್ರಿಸುತ್ತವೆ ಅಂತ ತೋರಿಸಿದ ಬೆಲ್ಜಿಯಂನ ಹೇಮನ್ಸ್‌ಗೆ 1938ರ ನೊಬೆಲ್ ಬಂತು.

ಈ ಕಾವಲುಗಾರನ ಕೆಲಸ ನಾವು ದಿನಾ ನೋಡುತ್ತೇವೆ. ಚಾಪೆಯಿಂದ ಎದ್ದು ನಿಂತ ಕೂಡಲೇ ಸುಮಾರು ಅರ್ಧ ಲೀಟರ್ ರಕ್ತ ಕಾಲಿನ ಕಡೆ ಇಳಿಯುತ್ತೆ. ಆದರೂ ನಾವು ಬೀಳೋದಿಲ್ಲ, ಯಾಕಂದ್ರೆ ಕೆಲವೇ ಕ್ಷಣಗಳಲ್ಲಿ ಹೃದಯ ಚುರುಕಾಗಿ ನಾಳಗಳು ಬಿಗಿಯಾಗುತ್ತವೆ. ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ದಡಕ್ಕನೆ ಎದ್ದಾಗ ನನಗೆ ಒಂದು ಕ್ಷಣ ಕಣ್ಣು ಕತ್ತಲೆ ಬರುತ್ತೆ. ನಿಮಗೂ ಬಂದಿರಬಹುದು. ಕಾವಲುಗಾರ ಒಂದು ಹೆಜ್ಜೆ ತಡ ಮಾಡಿದ ಅಂತ ಅರ್ಥ, ಅಷ್ಟೇ. ರಕ್ತದಾನ ಶಿಬಿರದಲ್ಲಿ 350 ಮಿಲಿಲೀಟರ್ ಕೊಟ್ಟು, ಬಿಸ್ಕತ್ತು ತಿಂದು ಆಫೀಸಿಗೆ ಹೋಗುತ್ತಾರಲ್ಲ, ಅದೂ ಇವನ ದಯೆಯೇ.

ಸೈಕಲ್ ಟ್ಯೂಬಿನ ಪಟ್ಟಿ

ಇಷ್ಟೆಲ್ಲ ಪ್ರಾಣಿಗಳಲ್ಲಿ ಗೊತ್ತಾಯಿತು. ಮನುಷ್ಯನ ಅಪಧಮನಿಗೆ ಕೊಳವೆ ಚುಚ್ಚಿ ನೋಡಲಿಕ್ಕಾಗುತ್ತದೆಯೇ? 1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ರೀವಾ-ರೊಚ್ಚಿ ಎಂಬ ವೈದ್ಯ ಸೈಕಲ್ ಟ್ಯೂಬಿನ ರಬ್ಬರ್, ಪಾದರಸದ ಕೊಳವೆ ಇತ್ಯಾದಿ ಜೋಡಿಸಿ ತೋಳಿಗೆ ಸುತ್ತುವ ಪಟ್ಟಿ ಮಾಡಿದ. ಪಟ್ಟಿಗೆ ಗಾಳಿ ತುಂಬಿ, ಮಣಿಕಟ್ಟಿನ ನಾಡಿ ಯಾವಾಗ ನಿಲ್ಲುತ್ತೆ, ಯಾವಾಗ ವಾಪಸ್ಸು ಬರುತ್ತೆ ಅಂತ ಬೆರಳಲ್ಲಿ ಹಿಡಿದು ನೋಡುವುದು. ಇದರಲ್ಲಿ ಮೇಲಿನ ಸಂಖ್ಯೆ ಮಾತ್ರ ಸಿಗುತ್ತಿತ್ತು.

ಕೆಳಗಿನ ಸಂಖ್ಯೆ ಕೊಟ್ಟವನು ರಷ್ಯಾದ ಸರ್ಜನ್ ಕೊರೊಟ್ಕಾಫ್. ಯುದ್ಧದಲ್ಲಿ ಗಾಯಗೊಂಡ ಸೈನಿಕರ ರಕ್ತನಾಳಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಅವನಿಗೆ ನಾಳಗಳ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳುವ ಅಭ್ಯಾಸವಿತ್ತು. ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಗಾಳಿ ಬಿಡುತ್ತಾ ಹೋದರೆ, ರಕ್ತ ನುಸುಳಲು ಶುರುವಾದಾಗ ಟಕ್ ಟಕ್ ಸದ್ದು ಕೇಳುತ್ತೆ, ನಾಳ ಪೂರ್ತಿ ತೆರೆದಾಗ ಸದ್ದು ನಿಲ್ಲುತ್ತೆ. ಶುರುವಾದದ್ದು ಮೇಲಿನ ಸಂಖ್ಯೆ, ನಿಂತದ್ದು ಕೆಳಗಿನದು. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನು ಕೊಟ್ಟ ವರದಿ ಒಂದು ಪುಟವೂ ಇರಲಿಲ್ಲ. ಆದರೆ ಕಿವಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಬೀಪಿ ನೋಡುವ ಪ್ರತಿ ನರ್ಸೂ ಅವನ ಶಿಷ್ಯೆಯೇ!

"ಬೇಕಾಗಿಯೇ ಏರಿದೆ, ಬಿಟ್ಟುಬಿಡಿ"

ಅಳೆಯೋದು ಬಂತು. ಸ್ವಾರಸ್ಯ ಅಂದ್ರೆ, ಅಳೆದದ್ದನ್ನು ಏನು ಮಾಡಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಬೇರೆ ಯಾವ ಕಾಯಿಲೆಯೂ ಕಾಣದೆ ಒತ್ತಡ ಮಾತ್ರ ಹೆಚ್ಚಿರುವವರಿಗೆ ಜರ್ಮನ್ ವೈದ್ಯರು 1911ರಲ್ಲಿ 'ಎಸೆನ್ಶಿಯಲ್' ಎಂಬ ಹೆಸರಿಟ್ಟರು. ಕಾರಣ ಕಾಣದ, ತನ್ನಷ್ಟಕ್ಕೇ ಬಂದ ಅನ್ನೋದು ಅದರ ಅರ್ಥ. ಆದರೆ ಆ ಪದಕ್ಕೆ 'ಅವಶ್ಯಕ' ಅನ್ನುವ ಅರ್ಥವೂ ಇದೆಯಲ್ಲ, ಬಹಳ ವೈದ್ಯರ ಮನಸ್ಸಿನಲ್ಲಿ ಇದ್ದದ್ದೂ ಅದೇ. ವಯಸ್ಸಾಗಿ ನಾಳಗಳು ಗಟ್ಟಿಯಾದಾಗ ಮೆದುಳಿಗೆ, ಕಿಡ್ನಿಗೆ ರಕ್ತ ಮುಟ್ಟಿಸಲು ದೇಹವೇ ಬೇಕೆಂದು ಒತ್ತಡ ಏರಿಸಿದೆ, ಅದನ್ನು ಇಳಿಸಲು ಹೋದರೆ ಅಪಾಯ ಅನ್ನುವ ವಾದ 1930ರ ದಶಕದ ವೈದ್ಯಗ್ರಂಥಗಳಲ್ಲೂ ಇತ್ತು. ದೇಹ ಇಷ್ಟು ಚೆನ್ನಾಗಿ ಒತ್ತಡ ಕಾಯುತ್ತೆ ಅಂತ ಗೊತ್ತಿದ್ದವರಿಗೆ, ದೇಹ ಏರಿಸಿದ್ದಕ್ಕೂ ಕಾರಣ ಇದ್ದೇ ಇರುತ್ತೆ ಅಂತ ಅನ್ನಿಸಿದ್ದು ಸಹಜ.

ಇದರ ಬೆಲೆ ಏನು ಅನ್ನೋದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗಿಂತ ದೊಡ್ಡ ಉದಾಹರಣೆ ಬೇಡ. 1941ರಲ್ಲಿ ಅವರ ಬೀಪಿ 188/105. ಅವರ ಖಾಸಗಿ ವೈದ್ಯರು ಕಿವಿ ಮೂಗು ಗಂಟಲಿನ ತಜ್ಞರು, ಆ ವಯಸ್ಸಿಗೆ ಅಧ್ಯಕ್ಷರ ಆರೋಗ್ಯ ಚೆನ್ನಾಗಿಯೇ ಇದೆ ಅಂತ ಹೇಳುತ್ತಾ ಬಂದರು. 1944ರ ಮಾರ್ಚಿನಲ್ಲಿ ಬ್ರುಯೆನ್ ಎಂಬ ಯುವ ಹೃದ್ರೋಗ ತಜ್ಞ ಪರೀಕ್ಷಿಸುವ ಹೊತ್ತಿಗೆ ಹೃದಯ ಸೋಲುತ್ತಿತ್ತು. 1945ರ ಏಪ್ರಿಲ್ 12ರಂದು ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಕೂತಿದ್ದ ಹಾಗೇ ತಲೆ ವಿಪರೀತ ನೋಯುತ್ತಿದೆ ಎಂದು ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಆಗ ಬ್ರುಯೆನ್ ಬರೆದುಕೊಂಡ ಒತ್ತಡ 300/190. ವಯಸ್ಸು 63. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ.

ಜಗತ್ತಿನ ಅತಿ ಬಲಿಷ್ಠ ವ್ಯಕ್ತಿಗೂ ಆಗ ಕೊಡಲು ಸರಿಯಾದ ಮದ್ದಿರಲಿಲ್ಲ ಅನ್ನೋದನ್ನೂ ನೆನಪಿಡಬೇಕು. ಆ ಕಾಲದ ಚಿಕಿತ್ಸೆ ಅಂದರೆ ಬೆನ್ನು ಸೀಳಿ ನಾಳ ಬಿಗಿಯುವ ನರಗಳನ್ನು ಕತ್ತರಿಸುವುದು, ಇಲ್ಲವೇ ಡ್ಯೂಕ್ ವಿಶ್ವವಿದ್ಯಾಲಯದ ಕೆಂಪ್ನರ್ 1944ರಲ್ಲಿ ಪ್ರಚಾರಕ್ಕೆ ತಂದ ಅನ್ನದ ಪಥ್ಯ. ಬರೀ ಅನ್ನ, ಹಣ್ಣು, ಸಕ್ಕರೆ. ಅನ್ನ ಅಂದ ಕೂಡಲೇ ಖುಷಿಪಡಬೇಡಿ, ಉಪ್ಪು ಸೊನ್ನೆ, ಸಾರಿಲ್ಲ, ಉಪ್ಪಿನಕಾಯಿ ಇಲ್ಲ! ಆದರೆ ಕೆಲವರಲ್ಲಿ ಒತ್ತಡ ನಿಜಕ್ಕೂ ಇಳಿಯಿತು. ಉಪ್ಪಿಗೂ ಒತ್ತಡಕ್ಕೂ ನಂಟಿದೆ ಅಂತಾಯಿತು. ಆ ನಂಟು ಕಿಡ್ನಿಯ ಮೂಲಕ.

ಇನ್ನೊಬ್ಬ ಕಾವಲುಗಾರ

ಕಿಡ್ನಿಯ ಕತೆ ಮೊದಲೇ ಶುರುವಾಗಿತ್ತು. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಒತ್ತಡ ಏರಿತು. ಆ ವಸ್ತುವಿಗೆ ರೆನಿನ್ ಅಂತ ಹೆಸರಿಟ್ಟರು. ಜನ ಮರೆತರು. 1934ರಲ್ಲಿ ಅಮೆರಿಕದ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ಅಪಧಮನಿಯನ್ನು ಕ್ಲಿಪ್ ಹಾಕಿ ಕಿರಿದು ಮಾಡಿದಾಗ ಇಡೀ ದೇಹದ ಒತ್ತಡ ಏರಿ, ಏರಿದಲ್ಲೇ ಉಳಿಯಿತು. ತನಗೆ ರಕ್ತ ಸಾಲದು ಅನ್ನಿಸಿದರೆ ಕಿಡ್ನಿ ರೆನಿನ್ ಬಿಡುತ್ತೆ. ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ ಎಂಬ ವಸ್ತು ನಾಳಗಳನ್ನು ಬಿಗಿಯುತ್ತೆ, ಉಪ್ಪು ನೀರನ್ನು ದೇಹದಲ್ಲೇ ಹಿಡಿದಿಡಿಸುತ್ತೆ. ಒತ್ತಡ ಹೆಚ್ಚಾದರೆ ಆರೋಗ್ಯವಂತ ಕಿಡ್ನಿ ಉಪ್ಪು ನೀರನ್ನು ಹೊರಹಾಕಿ ಇಳಿಸುತ್ತೆ. ಕತ್ತಿನ ಕಾವಲುಗಾರ ಕ್ಷಣಗಳ ಲೆಕ್ಕದವನು, ಕಿಡ್ನಿ ದಿನ ವಾರಗಳ ಲೆಕ್ಕದವನು.

ಹಾಗಾದರೆ ಕಿಡ್ನಿ ತಪ್ಪು ಮಾಡಿದಾಗ ಕತ್ತಿನ ಕಾವಲುಗಾರ ಯಾಕೆ ಕೂಗುವುದಿಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು 1956ರಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ. ಮ್ಯಾಕ್‌ಕಬಿನ್, ಗ್ರೀನ್, ಪೇಜ್ ಎಂಬ ಮೂವರು, ಬಹುಕಾಲದಿಂದ ಒತ್ತಡ ಹೆಚ್ಚಿದ್ದ ನಾಯಿಗಳ ಕತ್ತಿನ ನರದ ಸಂಕೇತಗಳನ್ನು ದಾಖಲಿಸಿದರು. ಕಾವಲುಗಾರ ಸತ್ತಿರಲಿಲ್ಲ, ನಿದ್ದೆಯನ್ನೂ ಮಾಡುತ್ತಿರಲಿಲ್ಲ. ಏರಿದ ಒತ್ತಡವನ್ನೇ ಸರಿಯಾದದ್ದು ಅಂತ ಒಪ್ಪಿಕೊಂಡು, ಅದನ್ನೇ ಕಾಯುತ್ತಿದ್ದ!

ನನಗೆ ಇಡೀ ಕತೆಯಲ್ಲಿ ಮೈ ಜುಂ ಅನ್ನಿಸಿದ್ದು ಇದೇ. ನಮ್ಮನ್ನು ದಿನಾ ಬೀಳದಂತೆ ಹಿಡಿಯುವ ವ್ಯವಸ್ಥೆಯೇ, ಒತ್ತಡ ನಿಧಾನವಾಗಿ ಏರಿದರೆ, ತಪ್ಪು ಸಂಖ್ಯೆಗೆ ಹೊಂದಿಕೊಂಡು ಸುಮ್ಮನಾಗುತ್ತೆ. ಅದಕ್ಕೇ ಏನೂ ಅನ್ನಿಸೋದಿಲ್ಲ. ಒಳಗೆ ಹೃದಯದ ಗೋಡೆ ದಪ್ಪವಾಗುತ್ತಿರುತ್ತೆ, ಮೆದುಳು ಕಿಡ್ನಿ ಕಣ್ಣಿನ ಸಣ್ಣ ನಾಳಗಳು ಹಾಳಾಗುತ್ತಿರುತ್ತವೆ, ಹೊರಗೆ ಮಾತ್ರ "ನಾನು ಆರಾಮ".

ನಮ್ಮ ಬೇರು, ಅವರ ಪರೀಕ್ಷೆ

ಇಲ್ಲಿ ಭಾರತದ ಪಾಲೂ ಇದೆ. ಸರ್ಪಗಂಧದ ಬೇರು ನಮ್ಮ ನಾಡವೈದ್ಯರಿಗೆ ಹಳೆಯ ಪರಿಚಯ. 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಅದು ಒತ್ತಡ ಇಳಿಸುತ್ತೆ ಅಂತ ಬರೆದರು. 1949ರಲ್ಲಿ ಬೊಂಬಾಯಿಯ ವೈದ್ಯ ರುಸ್ತಮ್ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲೆ ಮಾಡಿದ ಅಧ್ಯಯನವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಹೊರಜಗತ್ತು ಕಣ್ಣು ಬಿಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಬರ್ನಾರ್ಡನ ಮೊಲದ ಕಿವಿಯಲ್ಲಿ ಕೆಲಸ ಮಾಡುತ್ತಿದ್ದ ಅದೇ ಜಾತಿಯ ನರಗಳ ತುದಿಯಲ್ಲಿರುವ ರಾಸಾಯನಿಕದ ದಾಸ್ತಾನನ್ನು ಅದು ಖಾಲಿ ಮಾಡುತ್ತೆ. ಅಡ್ಡಪರಿಣಾಮಗಳ ಕಾರಣ ಈಗ ಅದರ ಬಳಕೆ ಬಹಳ ಕಡಿಮೆ.

ಆದರೆ ಹಳೆಯ ವಾದಕ್ಕೆ ತೆರೆ ಎಳೆದ ಪರೀಕ್ಷೆಯಲ್ಲಿ ಅದೂ ಇತ್ತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಫ್ರೀಸ್ ಎಂಬ ವೈದ್ಯರ ಮುಂದಾಳತ್ವದಲ್ಲಿ 143 ಗಂಡಸರನ್ನು ಆರಿಸಿದರು, ಎಲ್ಲರದ್ದೂ ಕೆಳಗಿನ ಸಂಖ್ಯೆ 115ರಿಂದ 129. ಅರ್ಧ ಜನಕ್ಕೆ ರಿಸರ್ಪಿನ್ ಸೇರಿದಂತೆ ಮೂರು ಮದ್ದು, ಉಳಿದವರಿಗೆ ಬರೀ ಹುಸಿಮಾತ್ರೆ. 1967ರಲ್ಲಿ ಫಲಿತಾಂಶ ಬಂತು. ಹುಸಿಮಾತ್ರೆಯವರಲ್ಲಿ 27 ಜನಕ್ಕೆ ಪಾರ್ಶ್ವವಾಯು, ಹೃದಯ ವೈಫಲ್ಯದಂಥ ಗಂಭೀರ ತೊಂದರೆಗಳಾದವು. ಮದ್ದು ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಒತ್ತಡ ಇಳಿಸಿದರೆ ಅಪಾಯ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಮುಂದೆ ಬ್ರೆಜಿಲ್‌ನ ಜರರಾಕ ಎಂಬ ಹಾವಿನ ವಿಷದ ಸಂಶೋಧನೆಯ ಜಾಡು ಹಿಡಿದು, ಆಂಜಿಯೋಟೆನ್ಸಿನ್ ತಯಾರಾಗುವುದನ್ನೇ ತಡೆಯುವ ಕ್ಯಾಪ್ಟೊಪ್ರಿಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇಷ್ಟಾದರೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 30ರಿಂದ 79 ವರ್ಷದ ಸುಮಾರು 128 ಕೋಟಿ ಜನಕ್ಕೆ ಅಧಿಕ ರಕ್ತದೊತ್ತಡ ಇತ್ತು. ಅವರಲ್ಲಿ ಶೇಕಡ 46 ಮಂದಿಗೆ ಅದು ಗೊತ್ತೇ ಇರಲಿಲ್ಲ. ನನಗಿದು ಜನರ ಅಸಡ್ಡೆ ಮಾತ್ರ ಅಂತ ಅನ್ನಿಸೋದಿಲ್ಲ. ತಲೆನೋವು ಬಂದರೆ ಹೇಳಬಹುದು, ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ಇದನ್ನು ತಿಳಿಯೋಕೆ ನಮ್ಮ ಒಳಗಿನ ಸಾಕ್ಷಿ ಸಾಲದು, ಯಾಕಂದ್ರೆ ಸಾಕ್ಷಿಯೇ ಆ ಕಡೆ ಸೇರಿಕೊಂಡಿರುತ್ತೆ. ಹೊರಗಿನ ಸಾಕ್ಷಿ ಒಂದೇ, ಆ ಗಾಳಿ ತುಂಬುವ ಪಟ್ಟಿ. ಮೊದಲು ಇಂಥದ್ದನ್ನು ತಿಳಿಯೋಕೆ ಒಂದು ಕುದುರೆ ಸಾಯಬೇಕಿತ್ತು, ಈಗ ಎರಡು ನಿಮಿಷ ತೋಳು ಚಾಚಿದರೆ ಸಾಕು. ನಿಮ್ಮ ಮನೆಯಲ್ಲಿ ಮೂವತ್ತು ದಾಟಿದವರಿದ್ದು, ಈಚೆಗೆ ಯಾರೂ ತೋರಿಸಿಕೊಂಡಿಲ್ಲ ಅಂದ್ರೆ, ಈ ವಾರವೇ ಕರ್ಕೊಂಡು ಹೋಗಿ. ಮಾತ್ರೆ ಶುರು ಮಾಡಿದವರು "ಈಗ ಆರಾಮಾಗಿದೀನಿ" ಅಂತ ತಾವೇ ನಿಲ್ಲಿಸಿದ್ದರೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಅವರು ಮೊದಲೂ ಆರಾಮಾಗಿಯೇ ಇದ್ದರಲ್ಲ!